ಅಪ್ಪ ಅಮ್ಮ ಇಬ್ಬರದೂ ಬಿ ಪಾಸಿಟಿವ್, ಮಗಳದು ಓ ನೆಗೆಟಿವ್: ಇದು ಸಾಧ್ಯವೇ?

ಸಾಗರದ ಅಮ್ಮ:

ಎಲ್ಲರಿಗೂ ನಮಸ್ಕಾರ. ಲ್ಯಾಬಿನಲ್ಲಿ ಕೆಲಸ ಮಾಡುವವರು, ಜೀವಶಾಸ್ತ್ರ ಓದಿದವರು ಯಾರಾದರೂ ಇದ್ದರೆ ದಯವಿಟ್ಟು ಬಿಡಿಸಿ ಹೇಳಿ. ನಾನು ಬಿಕಾಂ ಮಾಡಿದವಳು. ಹತ್ತನೇ ಕ್ಲಾಸಿನ ಬಟಾಣಿ ಗಿಡದ ಪಾಠ ಬಿಟ್ಟರೆ ಈ ವಿಷಯದಲ್ಲಿ ಏನೂ ನೆನಪಿಲ್ಲ.

ನಮ್ಮ ಮಗಳಿಗೆ ಎರಡೂವರೆ ವರ್ಷ. ಪ್ಲೇಹೋಮ್ ಅರ್ಜಿಯಲ್ಲಿ ರಕ್ತದ ಗುಂಪು ಬರೆಯಬೇಕು ಅಂದರು ಅಂತ ಊರಲ್ಲೇ ಪರೀಕ್ಷೆ ಮಾಡಿಸಿದೆವು. ಓ ನೆಗೆಟಿವ್ ಅಂತ ಬಂತು. ನನ್ನದು ಬಿ ಪಾಸಿಟಿವ್, ತಾಯಿ ಕಾರ್ಡಿನಲ್ಲೇ ಇದೆ. ನಮ್ಮ ಮನೆಯವರದೂ ಬಿ ಪಾಸಿಟಿವ್, ಅವರು ರಕ್ತದಾನ ಮಾಡುತ್ತಿರುತ್ತಾರೆ, ಹಾಗಾಗಿ ಅದರಲ್ಲಿ ಅನುಮಾನವಿಲ್ಲ. ಶಿವಮೊಗ್ಗಕ್ಕೆ ಹೋದಾಗ ಬೇರೆ ಲ್ಯಾಬಿನಲ್ಲಿ ಮತ್ತೊಮ್ಮೆ ಮಾಡಿಸಿದೆವು. ಅಲ್ಲೂ ಓ ನೆಗೆಟಿವ್.

ಅತ್ತೆಯವರು ಅಂದಿನಿಂದ ಒಂದೇ ಮಾತು: "ನಮ್ಮ ಕಡೆ ಯಾರಿಗೂ ನೆಗೆಟಿವ್ ಇಲ್ಲ, ಆಸ್ಪತ್ರೆಯಲ್ಲಿ ಮಗು ಅದಲುಬದಲು ಆಗಿರಬೇಕು." ಅವರು ಕೆಟ್ಟವರಲ್ಲ. ಮಗುವನ್ನು ಕಂಡರೆ ಪ್ರಾಣ. ಆದರೆ ಮನೆಗೆ ಬಂದವರ ಮುಂದೆಲ್ಲ ಇದನ್ನು ಹೇಳುತ್ತಾರೆ, ಕೇಳಿದವರು ನನ್ನ ಮುಖ ನೋಡುತ್ತಾರೆ. ಇಂಜಿನಿಯರಿಂಗ್ ಓದಿದ ನಮ್ಮ ಭಾವ ಬೇರೆ "ಬಿ ಪ್ರಬಲ, ಓ ದುರ್ಬಲ, ಇಬ್ಬರೂ ಬಿ ಆದಮೇಲೆ ಓ ಎಲ್ಲಿಂದ ಬರಬೇಕು" ಅಂದುಬಿಟ್ಟರು. ಗಂಡ ನನ್ನ ಪರವಾಗಿಯೇ ಇದ್ದಾರೆ, ಆದರೆ ಅವರಿಗೂ ಉತ್ತರ ಗೊತ್ತಿಲ್ಲ.

ಇದು ಆಗುತ್ತದೋ ಇಲ್ಲವೋ? ಆಗುವುದಾದರೆ ಹೇಗೆ ಅಂತ ಅತ್ತೆಗೂ ಅರ್ಥವಾಗುವ ಹಾಗೆ ಹೇಳಿ.

ದಕ್ಷಿಣ ಬಡಾವಣೆ:

ಇಷ್ಟೊಂದು ತಲೆಬಿಸಿ ಯಾಕೆ ಮೇಡಂ, ಡಿಎನ್‌ಎ ಟೆಸ್ಟ್ ಮಾಡಿಸಿ ರಿಪೋರ್ಟ್ ಕೈಗೆ ಕೊಡಿ. ಎಲ್ಲರ ಬಾಯಿ ಮುಚ್ಚುತ್ತೆ.

ಹಳೇ ಟೆಕ್ನಿಷಿಯನ್, ಉಡುಪಿ:

ಮೇಲಿನವರು ಹೇಳಿದ್ದನ್ನು ಸದ್ಯ ಬದಿಗಿಡಿ ತಂಗಿ. ಅನುಮಾನಕ್ಕೆ ಕಾರಣವೇ ಇಲ್ಲದ ಕಡೆ ಡಿಎನ್‌ಎ ಪರೀಕ್ಷೆ ಮಾಡಿಸಿದರೆ, ಅನುಮಾನ ಇತ್ತು ಎಂದು ನೀವೇ ಒಪ್ಪಿಕೊಂಡ ಹಾಗೆ ಆಗುತ್ತದೆ. ನಾನು ರಕ್ತನಿಧಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಿಮ್ಮ ಪ್ರಶ್ನೆಯನ್ನೇ ಹಿಡಿದುಕೊಂಡು ಕೌಂಟರಿನ ಹತ್ತಿರ ಬಂದು, ಕೇಳಲಾರದೆ ನಿಂತಿರುತ್ತಿದ್ದ ಎಷ್ಟೋ ತಾಯಂದಿರನ್ನು ನೋಡಿದ್ದೇನೆ. ಉತ್ತರ: ಖಂಡಿತ ಸಾಧ್ಯ. ಇದರಲ್ಲಿ ನಿಯಮ ಮೀರಿದ್ದು ಏನೂ ಇಲ್ಲ.

ನಿಮ್ಮ ಭಾವ ಹೇಳಿದ ಮೊದಲ ಅರ್ಧ ಸರಿ. ಓ ಎದುರು ಬಿ ಪ್ರಬಲವೇ. ಎಡವಿದ್ದು ಎರಡನೇ ಅರ್ಧದಲ್ಲಿ.

ರಕ್ತದ ಗುಂಪನ್ನು ತೀರ್ಮಾನಿಸುವ ವಂಶವಾಹಿ ನಮ್ಮ 9ನೇ ವರ್ಣತಂತುವಿನ ಮೇಲಿದೆ. ಪ್ರತಿಯೊಬ್ಬರಲ್ಲೂ ಆ ವಂಶವಾಹಿಯ ಎರಡು ಪ್ರತಿ ಇರುತ್ತವೆ, ಅಮ್ಮನಿಂದ ಒಂದು, ಅಪ್ಪನಿಂದ ಒಂದು. ಒಂದೇ ವಂಶವಾಹಿಯ ಬೇರೆ ಬೇರೆ ರೂಪಗಳಿಗೆ ಆಲೀಲ್ ಎನ್ನುತ್ತಾರೆ. ಇಲ್ಲಿ ಮುಖ್ಯವಾದವು ಮೂರು: ಎ, ಬಿ, ಓ. ಈ ವಂಶವಾಹಿಯ ಕೆಲಸ ಒಂದು ಕಿಣ್ವ ತಯಾರಿಸುವುದು. ಆ ಕಿಣ್ವ ಕೆಂಪು ರಕ್ತಕಣದ ಮೈಮೇಲಿರುವ ಸಕ್ಕರೆ ಸರಪಳಿಯ ತುದಿಗೆ ಇನ್ನೊಂದು ಸಕ್ಕರೆ ಜೋಡಿಸುತ್ತದೆ. ಎ ಆಲೀಲಿನ ಕಿಣ್ವ ಒಂದು ಬಗೆಯ ಸಕ್ಕರೆ ಜೋಡಿಸಿದರೆ ಬಿ ಆಲೀಲಿನದು ಮತ್ತೊಂದು ಬಗೆಯದನ್ನು. ಆ ಎರಡು ಕಿಣ್ವಗಳ ನಡುವೆ 354 ಅಮೈನೋ ಆಮ್ಲಗಳಲ್ಲಿ ನಾಲ್ಕೇ ನಾಲ್ಕು ಬೇರೆ. ಓ ಆಲೀಲಿನಲ್ಲಿ ಸಾಮಾನ್ಯವಾಗಿ ಡಿಎನ್‌ಎಯ ಒಂದು ಅಕ್ಷರ ಬಿಟ್ಟುಹೋಗಿರುತ್ತದೆ. ಅಲ್ಲಿಂದ ಮುಂದಿನ ಓದೆಲ್ಲ ತಪ್ಪಿ ಕಿಣ್ವ ಅರ್ಧಕ್ಕೇ ನಿಲ್ಲುತ್ತದೆ. ಏನನ್ನೂ ಜೋಡಿಸುವುದಿಲ್ಲ.

ಈಗ ನಿಮ್ಮನ್ನೇ ತೆಗೆದುಕೊಳ್ಳಿ. ನಿಮ್ಮಲ್ಲಿ ಒಂದು ಬಿ, ಒಂದು ಓ ಇದೆ ಎಂದುಕೊಳ್ಳೋಣ. ಬಿ ತನ್ನ ಕೆಲಸ ಮಾಡುತ್ತದೆ, ಓ ಸುಮ್ಮನಿರುತ್ತದೆ. ಒಂದು ಪ್ರತಿಯ ಕಿಣ್ವವೇ ಬೇಕಾದಷ್ಟು ಸಕ್ಕರೆ ಜೋಡಿಸಿಬಿಡುವುದರಿಂದ ಲ್ಯಾಬಿನ ಟೈಲ್ ಮೇಲೆ ಪರೀಕ್ಷೆಯ ದ್ರವ ಬೆರೆಸಿದಾಗ ನಿಮ್ಮ ರಕ್ತ ಬಿ ಎಂದೇ ಗಂಟು ಕಟ್ಟುತ್ತದೆ. ಬಿ ಪ್ರಬಲ ಎಂದರೆ ಇಷ್ಟೇ. ಅದು ಓವನ್ನು ಅಳಿಸಿಹಾಕುವುದಿಲ್ಲ, ತಿದ್ದುವುದೂ ಇಲ್ಲ. ಓ ನಿಮ್ಮೊಳಗೆ ಹಾಗೆಯೇ ಇರುತ್ತದೆ, ಅಂಡಾಣು ಆಗುವಾಗ ಅರ್ಧದಷ್ಟು ಅಂಡಾಣುಗಳಿಗೆ ಬಿ ಹೋದರೆ ಇನ್ನರ್ಧಕ್ಕೆ ಓ ಹೋಗುತ್ತದೆ. ನಿಮ್ಮ ಯಜಮಾನರಲ್ಲೂ ಹೀಗೆಯೇ. ಇಬ್ಬರ ಕಡೆಯಿಂದಲೂ ಓ ಬಂದರೆ ಮಗು ಓ. ಅದರ ಸಾಧ್ಯತೆ ನಾಲ್ಕರಲ್ಲಿ ಒಂದು.

"ಇಬ್ಬರಲ್ಲೂ ಓ ಅಡಗಿರಲೇಬೇಕೆಂದು ಏನು ಗ್ಯಾರಂಟಿ" ಎಂದು ಭಾವ ಕೇಳಬಹುದು. ನಮ್ಮ ಕಡೆ ಓ ಗುಂಪಿನವರು ಧಾರಾಳ. ನೂರರಲ್ಲಿ ಮೂವತ್ತೈದೋ ನಲವತ್ತೋ ಜನ ಓ ಎಂದಾದರೆ, ಲೆಕ್ಕ ಹಾಕಿದಾಗ ಊರಿನ ಒಟ್ಟು ಆಲೀಲುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಓವೇ ಆಗುತ್ತವೆ. ಹಾಗಾಗಿ ಬಿ ಗುಂಪಿನವರಲ್ಲಿ ಬಹುಪಾಲು ಜನ ಒಂದು ಬಿ ಒಂದು ಓ ಇರುವವರು; ಎರಡೂ ಬಿ ಇರುವವರೇ ಅಪರೂಪ. ದುರ್ಬಲ ಆಲೀಲು ಜನರಲ್ಲಿ ಕಡಿಮೆ ಇರಬೇಕೆಂದೇನೂ ಇಲ್ಲ.

ನೆಗೆಟಿವ್ ಪಾಸಿಟಿವ್ ಬೇರೆಯೇ ವಿಷಯ. ಅದರ ವಂಶವಾಹಿ 1ನೇ ವರ್ಣತಂತುವಿನ ಮೇಲೆ. ಪಾಸಿಟಿವ್ ಆದವರಲ್ಲಿ ಡಿ ಎಂಬ ಪ್ರೋಟೀನು ರಕ್ತಕಣದ ಮೇಲೆ ಇರುತ್ತದೆ. ನೆಗೆಟಿವ್ ಆದವರಲ್ಲಿ ಸಾಮಾನ್ಯವಾಗಿ ಆ ವಂಶವಾಹಿಯೇ ಎರಡೂ ಕಡೆ ಇಲ್ಲ. ಒಂದು ಕಡೆ ಇದ್ದರೂ ಸಾಕು, ಪಾಸಿಟಿವ್. ನಮ್ಮ ದೇಶದಲ್ಲಿ ನೆಗೆಟಿವ್ ಜನ ನೂರಕ್ಕೆ ಸುಮಾರು ಐದು. ಕಡಿಮೆ ಅನ್ನಿಸುತ್ತದೆ, ಅಲ್ಲವೆ? ಆದರೆ ಐದು ಜನ ನೆಗೆಟಿವ್ ಇರಬೇಕಾದರೆ ಹೊರಗೆ ಪಾಸಿಟಿವ್, ಒಳಗೆ ಒಂದು ನೆಗೆಟಿವ್ ಹೊತ್ತವರು ಸುಮಾರು ಮೂವತ್ತೈದು ಜನ ಇರಬೇಕು. ಮೂರರಲ್ಲಿ ಒಬ್ಬರು! "ನಮ್ಮ ಕಡೆ ಯಾರಿಗೂ ಇಲ್ಲ" ಎನ್ನುವ ಮನೆಗಳಲ್ಲೂ ಅದು ತಲೆಮಾರುಗಟ್ಟಲೆ ಕಾಣದೆ ದಾಟಿ ಬಂದಿರುತ್ತದೆ.

ಎರಡೂ ಬೇರೆ ಬೇರೆ ವರ್ಣತಂತುವಿನಲ್ಲಿ ಇರುವುದರಿಂದ ಒಂದರ ಹಂಚಿಕೆಗೂ ಇನ್ನೊಂದಕ್ಕೂ ಸಂಬಂಧವಿಲ್ಲ. ನೀವಿಬ್ಬರೂ ಒಳಗೆ ಒಂದೊಂದು ನೆಗೆಟಿವ್ ಹೊತ್ತವರಾದರೆ, ಓ ಬರುವುದು ನಾಲ್ಕರಲ್ಲಿ ಒಂದು, ನೆಗೆಟಿವ್ ಬರುವುದು ನಾಲ್ಕರಲ್ಲಿ ಒಂದು, ಎರಡೂ ಸೇರಿ ಬರುವುದು ಹದಿನಾರರಲ್ಲಿ ಒಂದು. ನಿಮ್ಮ ಮಗಳು ಆ ಒಬ್ಬಳು. ನಿಮಗೆ ನೆನಪಿರುವ ಬಟಾಣಿ ಪಾಠದಲ್ಲಿ 9:3:3:1 ಎಂದು ಬರುತ್ತಿತ್ತಲ್ಲ, ಕೊನೆಯ ಆ 1 ಇದೇ.

ಎರಡು ಮಾತು ಸೇರಿಸುತ್ತೇನೆ. ಈ ಫಲಿತಾಂಶ ನಿಮ್ಮಿಬ್ಬರ ಗುಂಪಿಗೆ ಹೊಂದುತ್ತದೆ ಎಂದಷ್ಟೇ ರಕ್ತದ ಗುಂಪು ಹೇಳಬಲ್ಲದು. ಮಗು ಯಾರದು ಎಂದು ಅದು ಸಾಬೀತು ಮಾಡಲಾರದು. ಆದರೆ ಅದಲುಬದಲಿನ ಮಾತಿಗೆ ಇಲ್ಲಿ ಎಳ್ಳಷ್ಟೂ ಆಧಾರವಿಲ್ಲ. ಎರಡನೆಯದು, ಅತ್ತೆಯವರ ರಕ್ತದ ಗುಂಪು ಯಾವುದೆಂದು ಮನೆಯಲ್ಲಿ ಯಾವುದಾದರೂ ಹಳೇ ಫೈಲಿನಲ್ಲಿ ಇದೆಯೇ ನೋಡಿ.

ಜೀವಶಾಸ್ತ್ರ ಮೇಷ್ಟ್ರು, ಹಾವೇರಿ:

ಉಡುಪಿ ಸರ್ ಹೇಳಿದ್ದು ಖರೇ ಐತ್ರಿ. ಪಿಯುಸಿ ಮಕ್ಕಳಿಗೆ ಪಾಠ ಮಾಡೂವಾಗ ನಾನು ಇದನ್ನ ಮೊದಲು ಹೇಳತೀನಿ: ಊರಾಗ ಆಲೀಲ್ ಎಷ್ಟು ಬಗಿ ಬೇಕಾದರೂ ಇರಲಿ, ಒಬ್ಬ ಮನುಷ್ಯಾನ ಹತ್ರ ಎರಡ. ಇದು ತಲ್ಯಾಗ ಕುಂತ್ರ ಅರ್ಧ ಗೊಂದಲ ಹೋಗತೈತಿ.

ಈ ಮೂರು ಆಲೀಲಿನ ಲೆಕ್ಕ ಸಿಕ್ಕ ಕಥಿನೂ ಚಂದ ಐತಿ. 1901ರಾಗ ವಿಯೆನ್ನಾದ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪು ಕಂಡುಹಿಡಿದ್ರು. ಅದು ಬಟಾಣಿ ಪಾಠದ ಮೆಂಡೆಲನ ನಿಯಮದಂಗ ವಂಶದಾಗ ಹರಿತೈತಿ ಅಂತ 1910ರಾಗ ಜರ್ಮನಿಯ ಡುಂಗರ್ನ್ ಮತ್ತ ಹಿರ್ಷ್‌ಫೆಲ್ಡ್ ತೋರಿಸಿದ್ರು. ಆದ್ರ ಅವರು ತಿಳಕೊಂಡದ್ದು ಎ ಒಂದು ಜೋಡಿ, ಬಿ ಇನ್ನೊಂದು ಜೋಡಿ, ಎರಡೂ ಬ್ಯಾರೆ ಬ್ಯಾರೆ ಜಾಗದಾಗ ಅದಾವು ಅಂತ. ಹಂಗ ಇದ್ದಿದ್ರ ಎಬಿ ಗುಂಪಿನ ತಾಯಿಗೆ ಓ ಮಗು ಹುಟ್ಟಬಹುದಿತ್ತು. 1924ರಾಗ ಗಾಟಿಂಗೆನ್‌ನ ಗಣಿತಜ್ಞ ಫೆಲಿಕ್ಸ್ ಬರ್ನ್‌ಸ್ಟೈನ್ ಸೂಜಿ ಹಿಡೀಲಿಲ್ಲ, ಟ್ಯೂಬ್ ಮುಟ್ಟಲಿಲ್ಲ, ಬ್ಯಾರೆ ಬ್ಯಾರೆ ದೇಶದ ಜನರ ಗುಂಪಿನ ಅಂಕಿ ಇಟಗೊಂಡು ಕುಂತ್ರು. ಎರಡು ಜಾಗದ ಲೆಕ್ಕದ ಪ್ರಕಾರ ಎಬಿ ಜನ ಎಷ್ಟಿರಬೇಕೋ ಅಷ್ಟು ಯಾವ ದೇಶದಾಗೂ ಇಲ್ಲ. ಒಂದ ಜಾಗ, ಮೂರು ಆಲೀಲ್ ಅಂತ ಹಿಡಿದ್ರ ಅಂಕಿ ಕೂಡತಾವು. ಎಬಿ ಇದ್ದವರ ಕೈಯಾಗ ಒಂದು ಎ, ಒಂದು ಬಿ, ಓಕ್ಕ ಜಾಗ ಎಲ್ಲಿ? ಅದಕ್ಕ ಎಬಿ ತಾಯಿಗೆ ಅಥವಾ ತಂದಿಗೆ ಓ ಮಗು ಅಂತಂದ್ರ ಲ್ಯಾಬಿನವರು ಮತ್ತೊಮ್ಮೆ ನೋಡತಾರ.

ನಿಮ್ಮ ಭಾವನವರಿಗೆ ಇಷ್ಟು ಹೇಳ್ರಿ: ಅವರು ಬಟಾಣಿ ಪಾಠದ ಮೊದಲನೇ ತಲೆಮಾರು ನೆನಪಿಟ್ಟಾರ, ಎರಡನೇದು ಮರತಾರ. ಎತ್ತರದ ಗಿಡ ಎತ್ತರದ ಗಿಡ ಕೂಡಿಸಿದಾಗ ಗಿಡ್ಡ ಗಿಡ ಹುಟ್ಟಿದ್ದ ಆ ಪಾಠದ ಜೀವ.

ಇನ್ನೊಂದು ಎಚ್ಚರಿಕೆ. ನೀವು ಮಗಳ ಮೂಗು, ಕಣ್ಣು, ಬಣ್ಣ ಇಟಗೊಂಡು ಇದ ಲೆಕ್ಕ ಹಾಕಬ್ಯಾಡ್ರಿ. ಅವಕ್ಕ ಒಂದು ವಂಶವಾಹಿ ಅಲ್ಲ, ಭಾಳ ಸೇರತಾವು. ನಾಲಗಿ ಮಡಚೂದು ಒಂದ ವಂಶವಾಹಿಯಿಂದ ಅಂತ ಇವತ್ತಿಗೂ ಎಷ್ಟೋ ಕಡೆ ಕಲಿಸತಾರ. 1940ರಾಗ ಅದನ್ನ ಬರದ ವಿಜ್ಞಾನಿ ಸ್ಟರ್ಟಿವಂಟ್ ಅವರ ಆಮ್ಯಾಲ ಅದು ಸರಿ ಅಲ್ಲ ಅಂತ ಒಪ್ಪಿದ್ರು, ಯಾಕಂದ್ರ ಒಂದ ತರದ ಅವಳಿಗಳೊಳಗ ಒಬ್ಬರಿಗೆ ಬರತಿತ್ತು, ಇನ್ನೊಬ್ಬರಿಗೆ ಬರತಿರಲಿಲ್ಲ. ರಕ್ತದ ಗುಂಪು ಹಂಗಲ್ಲ, ಇದು ಖಡಕ್ ಲೆಕ್ಕ.

ಸಾಗರದ ಅಮ್ಮ:

ಇಬ್ಬರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ನಾವಿಬ್ಬರೂ ಕೂತು ಎರಡು ಸಲ ಓದಿದೆವು. ಟೆಕ್ನಿಷಿಯನ್ ಸರ್ ಹೇಳಿದ ಹಾಗೆ ಬೀರು ಹುಡುಕಿದೆ. ಅತ್ತೆಯವರಿಗೆ ಗರ್ಭಕೋಶದ ಆಪರೇಷನ್ ಆಗಿತ್ತು, ಆ ಫೈಲಿನಲ್ಲಿ ಓ ಪಾಸಿಟಿವ್ ಅಂತ ಇದೆ. ಮಾವನವರು ತೀರಿಕೊಂಡು ವರ್ಷಗಳಾದವು, ಅವರದು ಯಾವ ಗುಂಪು ಅಂತ ಯಾರಿಗೂ ತಿಳಿಯದು. ಇದರಿಂದ ಏನಾದರೂ ಗೊತ್ತಾಗುತ್ತದೆಯೇ?

ಇನ್ನೊಂದು, ಪರಿಚಯದ ನರ್ಸ್ ಒಬ್ಬರು "ಬಾಂಬೆ ಗ್ರೂಪ್ ಇರಬಹುದು" ಅಂದರು. ಅದು ಏನು? ಭಯವಾಗಿದೆ.

ಹಳೇ ಟೆಕ್ನಿಷಿಯನ್, ಉಡುಪಿ:

ಗೊತ್ತಾಗುತ್ತದೆ ತಂಗಿ, ಮುಖ್ಯವಾದದ್ದೇ ಗೊತ್ತಾಗುತ್ತದೆ. ಅತ್ತೆಯವರದು ಓ ಎಂದರೆ ಅವರ ಹತ್ತಿರ ಇರುವುದು ಎರಡೂ ಓ. ಮಗನಿಗೆ ಕೊಡಲು ಓ ಬಿಟ್ಟು ಬೇರೆ ಇಲ್ಲ. ಅಂದಮೇಲೆ ನಿಮ್ಮ ಯಜಮಾನರಲ್ಲಿ ಒಂದು ಓ ಇದೆ ಎಂಬುದು ಇನ್ನು ಊಹೆಯಲ್ಲ. ಅವರ ಬಿ ಮಾವನವರಿಂದ ಬಂದದ್ದು. ನಿಮ್ಮ ಮಗಳಿಗೆ ಅಪ್ಪನ ಕಡೆಯಿಂದ ಬಂದ ಓ ಇದೆಯಲ್ಲ, ಅದು ಅಜ್ಜಿಯದೇ. ಅದಲುಬದಲು ಎನ್ನುತ್ತಿರುವ ಅತ್ತೆಗೆ ಆ ಫೈಲನ್ನೇ ತೋರಿಸಿ, ಈ ಮೊಮ್ಮಗಳ ರಕ್ತದ ಅರ್ಧ ಲೆಕ್ಕ ನಿಮ್ಮಿಂದಲೇ ಬಂದದ್ದು ಎಂದು ಮೆಲ್ಲಗೆ ಹೇಳಿ. ಜಗಳಕ್ಕೆ ಹೇಳಬೇಡಿ. ನೆಗೆಟಿವ್ ಅವರ ಕಡೆಯಿಂದ ಬಂತೋ ಮಾವನವರಿಂದಲೋ ಎಂದು ಈ ಫೈಲಿನಿಂದ ಹೇಳಲಾಗದು, ಪಾಸಿಟಿವ್ ಆದವರು ಒಳಗೆ ಏನು ಹೊತ್ತಿದ್ದಾರೆಂದು ಸಾಮಾನ್ಯ ಪರೀಕ್ಷೆ ತೋರಿಸುವುದಿಲ್ಲ.

ಬಾಂಬೆ ಗ್ರೂಪಿನ ವಿಷಯ. ನರ್ಸಮ್ಮ ಸುಳ್ಳು ಹೇಳಲಿಲ್ಲ, ಆದರೆ ಇಲ್ಲಿ ಅದು ಬೇಕಾಗಿಲ್ಲ. ಎ ಮತ್ತು ಬಿ ಕಿಣ್ವಗಳು ಸಕ್ಕರೆ ಜೋಡಿಸಬೇಕಾದರೆ ಕೆಳಗೆ ಎಚ್ ಎಂಬ ಒಂದು ಬುನಾದಿ ಬೇಕು. ಅದನ್ನು ಮಾಡುವ ವಂಶವಾಹಿ 19ನೇ ವರ್ಣತಂತುವಿನಲ್ಲಿದೆ. ಅದರ ಎರಡೂ ಪ್ರತಿ ಕೆಟ್ಟಿದ್ದರೆ ಬುನಾದಿಯೇ ಇಲ್ಲ. ಒಳಗೆ ಬಿ ಆಲೀಲು ಸರಿಯಾಗಿಯೇ ಇದ್ದರೂ ಅದರ ಕಿಣ್ವಕ್ಕೆ ಕೆಲಸವಿಲ್ಲ, ಟೈಲ್ ಮೇಲೆ ರಕ್ತ ಓ ಎಂದು ಕಾಣುತ್ತದೆ. 1952ರಲ್ಲಿ ಮುಂಬೈಯಲ್ಲಿ ಡಾಕ್ಟರ್ ಭೆಂಡೆ ಮತ್ತು ಅವರ ಜೊತೆಗಾರರು ಇದನ್ನು ಮೊದಲು ವರದಿ ಮಾಡಿದರು, ಅದಕ್ಕೇ ಆ ಹೆಸರು. ನಮ್ಮ ದೇಶದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರು. ಸೋದರ ಸಂಬಂಧದಲ್ಲಿ ಮದುವೆಯಾಗುವ ಮನೆಗಳಲ್ಲಿ ಹೆಚ್ಚು ಸಿಗುತ್ತದೆ, ನಮ್ಮ ಕರಾವಳಿಯಲ್ಲೂ ಇದ್ದಾರೆ. ಅವರಿಗೆ ಸಾಮಾನ್ಯ ಓ ರಕ್ತವೂ ಆಗದು. ಇನ್ನೊಬ್ಬ ಬಾಂಬೆ ಗುಂಪಿನವರದೇ ಬೇಕು. ಸರಿಯಾದ ಲ್ಯಾಬಿನಲ್ಲಿ ಕಣವನ್ನು ಮಾತ್ರ ನೋಡಿ ಬಿಡುವುದಿಲ್ಲ, ಸೀರಮ್ಮನ್ನೂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿನೀರು) ತೆಗೆದುಕೊಂಡು ಗೊತ್ತಿರುವ ಎ, ಬಿ, ಓ ಕಣಗಳ ಜೊತೆ ಪರೀಕ್ಷಿಸುತ್ತಾರೆ. ಸೀರಮ್ಮು ಓ ಕಣವನ್ನೂ ಗಂಟು ಕಟ್ಟಿಸಿದರೆ ಆಗ ಬಾಂಬೆ ಎಂದು ಅನುಮಾನ. ಎರಡೂವರೆ ವರ್ಷದ ಮಗುವಿಗೆ ಈ ಪರೀಕ್ಷೆ ಆಗುತ್ತದೆ. ಹುಟ್ಟಿದ ಹೊಸತರಲ್ಲಿ ಬೇರೆ ಗುಂಪಿನ ಕಣವನ್ನು ಗಂಟು ಕಟ್ಟಿಸುವ ಪ್ರತಿಕಾಯ ಮಗುವಿನ ಸ್ವಂತದ್ದು ಇರುವುದಿಲ್ಲವಾದ್ದರಿಂದ ಆಗದು. ಸಮಾಧಾನಕ್ಕೆ ಬೇಕಾದರೆ ಯಾವುದಾದರೂ ರಕ್ತನಿಧಿಯಲ್ಲಿ ಕೇಳಿ ಮಾಡಿಸಿ. ಹಾಗೆಯೇ ನೆಗೆಟಿವ್ ಎಂದದ್ದು ಪೂರ್ತಿ ನೆಗೆಟಿವ್ವೋ ಅಥವಾ ಡಿ ಪ್ರೋಟೀನು ತೀರಾ ಕಡಿಮೆ ಇರುವ ವೀಕ್ ಡಿ ಎಂಬ ಬಗೆಯೋ ಎಂದೂ ಅವರೇ ನೋಡುತ್ತಾರೆ.

ಮೇಷ್ಟ್ರು ಕಥೆ ಹೇಳಿದ್ದಕ್ಕೆ ನನ್ನದೂ ಒಂದು. ಎ ಆಲೀಲಿನಲ್ಲೇ ಎ1, ಎ2 ಎಂದು ಎರಡು ಬಗೆ ಇವೆ. ಅವನ್ನು ಬೇರ್ಪಡಿಸಲು ಬಳಸುವುದು ಹುರುಳಿ ಕಾಳಿನ ಸತ್ವ. ನಾವು ಸಾರು ಮಾಡುವ ಅದೇ ಹುರುಳಿ! ಅದು ಎ1 ಕಣಗಳನ್ನು ಗಂಟು ಕಟ್ಟಿಸುತ್ತದೆ, ಎ2ವನ್ನು ಬಿಟ್ಟುಬಿಡುತ್ತದೆ. ಬರ್ಡ್ ಎಂಬ ವಿಜ್ಞಾನಿ ಹುರುಳಿಯ ಈ ಗುಣವನ್ನು 1951ರಲ್ಲಿ ಮೊದಲು ಪ್ರಕಟಿಸಿದ್ದು ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದನ್ನು ತಿಳಿದಾಗ ನನಗಾದ ಸಂತೋಷ ಇನ್ನೂ ಹಾಗೆಯೇ ಇದೆ.

ಹುಬ್ಬಳ್ಳಿ ತಾಯಿ:

ಅಕ್ಕಾ, ನಾನು ಬ್ಯಾರೆ ಕಡಿಂದ ಬಂದಾಕಿ, ಆದ್ರ ಇದನ್ನ ಓದಿ ಸುಮ್ಮನ ಹೋಗಲಿಕ್ಕೆ ಆಗಲಿಲ್ಲ. ನನ್ನ ಮಗನಿಗೆ ಥಲಸೇಮಿಯಾ ಮೇಜರ್, ಮೈಯಾಗ ರಕ್ತ ಸರಿಯಾಗಿ ತಯಾರಾಗದ ಹುಟ್ಟು ರೋಗ. ಮೂರು ವಾರಕ್ಕೊಮ್ಮೆ ರಕ್ತ ಏರಸಬೇಕು. ನಾನೂ ನಮ್ಮವರೂ ಗಟ್ಟಿಮುಟ್ಟ ಇದ್ದೀವಿ, ಇಬ್ಬರ ಒಳಗೂ ಒಂದೊಂದು ಕೆಟ್ಟ ಆಲೀಲ್ ಇತ್ತು, ಮಗ ಹುಟ್ಟೂ ತನಕ ಗೊತ್ತ ಇರಲಿಲ್ಲ. ನಮ್ಮ ಅತ್ತಿನೂ "ನಮ್ಮ ಮನಿತನದಾಗ ಈ ರೋಗ ಇಲ್ಲ" ಅಂದಿದ್ರು.

ನಿಮ್ಮ ಮಗಳಿಗೆ ಬಂದದ್ದು ರೋಗ ಅಲ್ಲ, ಬರೀ ಒಂದು ಗುಂಪು. ದೇವರು ಒಳ್ಳೇದ ಮಾಡಲಿ. ಆದ್ರ ಇಲ್ಲಿ ಓದೂ ಎಲ್ಲಾರಿಗೂ ಕೈ ಮುಗದು ಕೇಳತೀನಿ: ಮದುವಿಗೆ ಮೊದಲ, ಆಗದಿದ್ರ ಬಸಿರಾದ ಕೂಡಲೇ, ಎಚ್‌ಬಿ ಎ2 (ಇದು ಹಿಮೋಗ್ಲೋಬಿನ್ನಿನ ಒಂದು ಬಗಿ, ಮ್ಯಾಲೆ ಹೇಳಿದ ಗುಂಪಿನ ಎ2 ಅಲ್ಲ) ನೋಡೂ ರಕ್ತ ಪರೀಕ್ಷಾ ಮಾಡಸರಿ. ಇಬ್ಬರೂ ಹೊತ್ತವರು ಅಂತ ಗೊತ್ತಾದ್ರ ಬಸಿರಿನ ಶುರುವಿನಾಗ ಮಗುವಿನ ಪರೀಕ್ಷಾನೂ ಮಾಡಬಹುದು. ನಾಲ್ಕರಾಗ ಒಂದು ಅಂದ್ರ ಒಂದು ಮಗುವಿಗೆ ಬಂತು, ಇನ್ನ ಮೂರಕ್ಕ ಬರಂಗಿಲ್ಲ ಅಂತಲ್ಲ. ನಮಗ ಹಂಗ ಯಾರೋ ಹೇಳಿದ್ರು. ಪ್ರತಿ ಸಲನೂ ಹೊಸದಾಗಿ ನಾಲ್ಕರಾಗ ಒಂದು.

ಸಾಗರದ ಅಮ್ಮ:

ಅಕ್ಕಾ, ನಿಮ್ಮ ಮಗ ಚೆನ್ನಾಗಿರಲಿ. ನಮ್ಮ ಮನೆಯವರು ಬಿ ಪಾಸಿಟಿವ್ ಕೊಡಬಲ್ಲರು, ನಿಮ್ಮ ಮಗನ ಗುಂಪು ಅದೇ ಆಗಿದ್ದರೆ ತಿಳಿಸಿ, ಹುಬ್ಬಳ್ಳಿಗೆ ಬರಲು ಅವರು ಸಿದ್ಧ.

ಅತ್ತೆಗೆ ಫೈಲ್ ತೋರಿಸಿ ಯಜಮಾನರೇ ಹೇಳಿದರು. ಮೊದಲು ನಂಬಲಿಲ್ಲ. ಹಾಳೆಯ ಮೇಲೆ ನಾಲ್ಕು ಮನೆ ಬರೆದು ತೋರಿಸಿದಾಗ "ಹಾಗಾದರೆ ಇವಳು ನನ್ನ ಹಾಗೆ" ಅಂದರು. ಪೂರ್ತಿ ಒಪ್ಪಿದರೋ ಇಲ್ಲವೋ ಗೊತ್ತಿಲ್ಲ, ಈ ವಾರ ಯಾರ ಮುಂದೆಯೂ ಆ ಮಾತು ಎತ್ತಲಿಲ್ಲ.

ಕೊನೆಗೆ ಒಂದೇ ಪ್ರಶ್ನೆ ಸರ್. ಎರಡನೇ ಮಗು ಆದರೆ ಅದೂ ಓ ನೆಗೆಟಿವ್ ಆಗುತ್ತದೆಯೇ? ಮಗಳು ದೊಡ್ಡವಳಾದಾಗ ಏನಾದರೂ ತೊಂದರೆ ಇದೆಯೇ?

ಹಳೇ ಟೆಕ್ನಿಷಿಯನ್, ಉಡುಪಿ:

ಎರಡನೇ ಮಗುವಿಗೂ ಅದೇ ಲೆಕ್ಕ, ಹುಬ್ಬಳ್ಳಿಯ ತಾಯಿ ಹೇಳಿದ ಹಾಗೆ ಹೊಸದಾಗಿ. ಹದಿನಾರರಲ್ಲಿ ಒಂಬತ್ತು ಪಾಲು ಬಿ ಪಾಸಿಟಿವ್, ಮೂರು ಪಾಲು ಬಿ ನೆಗೆಟಿವ್, ಮೂರು ಪಾಲು ಓ ಪಾಸಿಟಿವ್, ಒಂದು ಪಾಲು ಓ ನೆಗೆಟಿವ್. ಎ ಅಥವಾ ಎಬಿ ಎಂದು ಬಂದರೆ ಮಾತ್ರ ಲ್ಯಾಬಿನವರನ್ನು ಮತ್ತೊಮ್ಮೆ ನೋಡಲು ಹೇಳಿ.

ಮಗಳ ಆರೋಗ್ಯಕ್ಕೆ ಇದರಿಂದ ಏನೂ ಇಲ್ಲ. ಅವಳಿಗೆ ರಕ್ತ ಬೇಕಾದರೆ ಓ ನೆಗೆಟಿವ್ವೇ ಬೇಕು, ಅದು ಸುಲಭಕ್ಕೆ ಸಿಗುವುದಿಲ್ಲ, ಹಾಗಾಗಿ ಹತ್ತಿರದ ಊರಿನಲ್ಲಿ ಆ ಗುಂಪಿನವರು ಯಾರಿದ್ದಾರೆಂದು ತಿಳಿದಿಟ್ಟುಕೊಳ್ಳಿ. ಅವಳು ಮುಂದೆ ತಾಯಿಯಾಗುವಾಗ ಗಂಡ ಪಾಸಿಟಿವ್ ಆಗಿದ್ದರೆ ಮಗು ಪಾಸಿಟಿವ್ ಆಗಬಹುದು. ಹೆರಿಗೆಯಲ್ಲಿ ಮಗುವಿನ ರಕ್ತ ಸ್ವಲ್ಪ ತಾಯಿಗೆ ಸೇರಿದರೆ ಅವಳ ದೇಹ ಡಿ ವಿರುದ್ಧ ಪ್ರತಿಕಾಯ ಮಾಡಬಹುದು, ಅದರಿಂದ ಮುಂದಿನ ಮಗುವಿಗೆ ಅಪಾಯ. ಇದನ್ನು ತಡೆಯಲು ಆಂಟಿ ಡಿ ಇಂಜೆಕ್ಷನ್ ಇದೆ, ಬಸಿರಿನ 28ನೇ ವಾರದ ಹೊತ್ತಿಗೆ ಒಂದು, ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಂದು. ಗರ್ಭ ಇಳಿದರೂ ಕೊಡಬೇಕಾಗುತ್ತದೆ, ಇದನ್ನು ಜನ ಮರೆಯುತ್ತಾರೆ.

ಪ್ಲೇಹೋಮ್ ಅರ್ಜಿಯಲ್ಲಿ ಓ ನೆಗೆಟಿವ್ ಎಂದೇ ಬರೆಯಿರಿ. ಲಸಿಕೆ ಕಾರ್ಡಿನ ಮೇಲೂ ಬರೆಸಿ.